ಬೀಗರ ಮನೆಯ ನಾಯಿ

ಹನೂರು,
9-7-1969

ಅಪ್ಪಾಜಿಯವರಿಗೆ ರತ್ನಳ ಶರಣು.

ನಾನು ಚೆನ್ನಾಗಿದ್ದೇನೆ. ಹನೂರಿನ ದನಕರುಗಳು ಅಷ್ಟು ಚೆನ್ನಾಗಿಲ್ಲ, ಹಾಗಾಗಿ ಕೈತುಂಬ ಕೆಲಸ. ನೀವು ಹೆದರಿದ ಹಾಗೆ ಇಲ್ಲಿ ಯಾರೂ ನನ್ನನ್ನು ಹಿಡಿದು ತಿಂದಿಲ್ಲ. ಮೊದಮೊದಲು ಎತ್ತು ಹೊಡೆದುಕೊಂಡು ಬಂದವರೆಲ್ಲ ನನ್ನನ್ನು ದಾಟಿ ಒಳಗೆ ಇಣುಕಿ, "ಡಾಕ್ಟ್ರು ಎಲ್ಲೋದ್ರವ್ವಾ?" ಎಂದು ನನ್ನನ್ನೇ ಕೇಳುತ್ತಿದ್ದರು. ನಮ್ಮ ಕಾಂಪೌಂಡರ್ ಪುಟ್ಟಸಿದ್ದಯ್ಯ, "ಇವ್ರೇ ಕಣಪ್ಪ ಡಾಕ್ಟ್ರು. ಸೀರೆ ನೋಡ್ಬ್ಯಾಡ, ಕೈ ನೋಡು" ಎಂದು ಹೇಳಿ ಹೇಳಿ ಸಾಕಾಗಿ ಈಗ ಬರೀ ಬೆರಳು ತೋರಿಸುತ್ತಾರೆ. ಕಳೆದ ವಾರ ಅಡ್ಡ ಸಿಕ್ಕಿಕೊಂಡಿದ್ದ ಕರುವನ್ನು ತಿರುಗಿಸಿ ಎಳೆದ ಮೇಲೆ ಆ ಪ್ರಶ್ನೆಯೂ ನಿಂತಿದೆ.

ನಿನ್ನೆ ಒಂದು ತಮಾಷೆಯಾಯಿತು. ಕೊಳ್ಳೇಗಾಲದಿಂದ ಕಾರಿನಲ್ಲಿ ಒಂದು ನಾಯಿ ಬಂತು. ಕಾರಿನಲ್ಲೇ, ಅಪ್ಪಾಜಿ! ರೇಷ್ಮೆ ಸೀರೆ ವ್ಯಾಪಾರದ ಸದಾಶಿವಪ್ಪ ಎನ್ನುವವರ ಅಲ್ಸೇಷಿಯನ್ ಹೆಣ್ಣುನಾಯಿ, ಹೆಸರು ರೋಸಿ. ಅದರ ಹಿಂದೆ ಸದಾಶಿವಪ್ಪ, ಅವರ ಹಿಂದೆ ಅವರ ತಾಯಿ ಶಂಕರಮ್ಮ, ಎಲ್ಲರ ಹಿಂದೆ ಮಾತೇ ಆಡದ ಒಬ್ಬ ಮಗ. ರೋಸಿ ಬೆದೆಗೆ ಬಂದಿದೆ. ಕೊಳ್ಳೇಗಾಲದ ಗಂಡುನಾಯಿಗಳೆಲ್ಲ ಅವರ ಅಂಗಡಿ ಮುಂದೆ ಠಿಕಾಣಿ ಹೂಡಿರುವುದರಿಂದ ಸೀರೆ ಕೊಳ್ಳಲು ಬಂದವರು ಮೆಟ್ಟಿಲು ಹತ್ತಲಾರದೆ ಹಿಂದಿರುಗುತ್ತಿದ್ದಾರಂತೆ. ಬೆದೆ ನಿಲ್ಲಿಸುವ ಹೊಸ ಇಂಜೆಕ್ಷನ್ನು ಬಂದಿದೆಯಂತಲ್ಲ, ಹಾಕಿಬಿಡಿ ಎಂದರು. ಬೆದೆ ಬರುವುದಕ್ಕೆ ಮೊದಲಾದರೆ ಯೋಚಿಸಬಹುದಿತ್ತು, ಈಗ ರಕ್ತ ಸೋರುತ್ತಿರುವಾಗ ಹಾಕಿದರೆ ಗರ್ಭಕೋಶದಲ್ಲಿ ಕೀವಾಗುತ್ತದೆ, ಮೂರು ವಾರ ಕೋಣೆಯಲ್ಲಿ ಕಟ್ಟಿಹಾಕಿ ಎಂದೆ. ಸದಾಶಿವಪ್ಪನವರು ತಲೆ ಎತ್ತಿ ಸೂರಿನ ಹೆಂಚು ಎಣಿಸತೊಡಗಿದರು. ಮಗ ಹೊರಗೆ ಹೋಗಿ ಕಾರು ಒರೆಸತೊಡಗಿದ. ಅಜ್ಜಿ ಮಾತ್ರ ಕೂತು, ಯಾವ ಊರು, ಯಾರ ಮಗಳು, ಅಡಿಗೆ ಬರುತ್ತದೆಯೇ, ಲಿಂಗಪೂಜೆ ತಪ್ಪಿಸುವುದಿಲ್ಲ ತಾನೆ ಎಂದೆಲ್ಲ ಕೇಳಿದರು. ನಾಯಿಯ ವಿಷಯಕ್ಕಿಂತ ನನ್ನ ವಿಷಯವೇ ಹೆಚ್ಚಾಯಿತು.

ಕೊಳ್ಳೇಗಾಲದಲ್ಲೇ ಆಸ್ಪತ್ರೆ ಇರುವಾಗ ಇಷ್ಟು ದೂರ ಯಾಕೆ ಬಂದರೋ. ನನ್ನ ಹೆಸರು ಅಲ್ಲಿಯವರೆಗೂ ಹೋಗಿರಬೇಕು ಎಂದು ರಾತ್ರಿ ಒಬ್ಬಳೇ ಕೂತು ಹೆಮ್ಮೆಪಟ್ಟೆ.

ಅವ್ವನಿಗೆ ಕಾಗದ ಪೂರ್ತಿ ಓದಿ ಹೇಳಿ. ನಡುನಡುವೆ ಕೆಮ್ಮಿ ಸಾಲು ಹಾರಿಸಬೇಡಿ.

ರತ್ನ


ಮಾಂಬಳ್ಳಿ,
16-7-1969

ಚಿ. ರತ್ನಳಿಗೆ ನಿನ್ನ ಅಪ್ಪ ರುದ್ರಸ್ವಾಮಿಯ ಆಶೀರ್ವಾದ.

ನಿನ್ನ ಕಾಗದ ತಲುಪಿತು. ಓದಿ ಸಂತೋಷವಾಗಲಿಲ್ಲ. ನಿನ್ನನ್ನು ಹೆಬ್ಬಾಳದ ಪಶುವೈದ್ಯ ಕಾಲೇಜಿಗೆ ಸೇರಿಸಿದಾಗ ಬಂಧುಬಳಗವೆಲ್ಲ ನನ್ನನ್ನು ಹುಚ್ಚ ಎಂದಿತು. ಅನ್ನಲಿ ಎಂದುಕೊಂಡೆ. ಹಸು, ಎಮ್ಮೆ, ನಮ್ಮ ಹಟ್ಟಿಯ ಬದುಕು, ಅದರ ಸೇವೆ ಮಾಡಿದರೆ ಪುಣ್ಯವೇ. ಆದರೆ ದೊಡ್ಡ ಮನೆತನದ ಗಂಡಸರನ್ನು ಎದುರಿಗೆ ನಿಲ್ಲಿಸಿಕೊಂಡು, ಒಂದು ನಾಯಿಯ ಆ ಸಮಾಚಾರವನ್ನೆಲ್ಲ ಎಳೆಎಳೆಯಾಗಿ ಬಿಡಿಸಿ ಹೇಳುವ ಅಗತ್ಯ ಏನಿತ್ತು? ಬರುವುದಿಲ್ಲ, ಗೊತ್ತಿಲ್ಲ ಎಂದು ಒಂದು ಮಾತು ಹೇಳಿದ್ದರೆ ಸಾಕಾಗಿತ್ತಲ್ಲ. ತಲೆಯಲ್ಲಿ ಒಂದು ಎಸಳು ಹೂವಿರಲಿಲ್ಲ, ಸೀರೆ ಸೆರಗು ಸೊಂಟಕ್ಕೆ ಬಿಗಿದು ನಿಂತಿದ್ದೆ, ಕೈಗೆ ಸಗಣಿ ಮೆತ್ತಿತ್ತು. ಬಂದವರ ಕಣ್ಣಿಗೆ ಹೇಗೆ ಕಂಡಿರಬೇಡ!

ಅದಿರಲಿ, ಅವರು ಮತ್ತೆ ಬಂದರೆ ಆ ಸೂಜಿ ಚುಚ್ಚಿಬಿಡು. ಒಂದು ಸೂಜಿ ತಾನೆ. ಅವರ ನಾಯಿ, ಅವರಿಷ್ಟ. ನಿನಗೆ ಯಾಕೆ ಹಟ?

ಇಲ್ಲಿ ನಾಟಿಗೆ ಗದ್ದೆ ಹದವಾಗಿದೆ. ನಿಮ್ಮ ಅವ್ವ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ. ಕಾಗದ ಓದಿ ಹೇಳಿದೆ. ಧೂಳಿಗೆ ಒಂದೆರಡು ಸಲ ಕೆಮ್ಮು ಬಂದದ್ದು ನಿಜ.

ರುದ್ರಸ್ವಾಮಿ


ಹನೂರು,
21-7-1969

ಅಪ್ಪಾಜಿಯವರಿಗೆ ಶರಣು.

ನಾನು ಹೂವು ಮುಡಿದಿರಲಿಲ್ಲ ಎಂದು ನಿಮಗೆ ಹೇಗೆ ಗೊತ್ತಾಯಿತು? ನಾನಂತೂ ಬರೆದಿರಲಿಲ್ಲ. ಯೋಚಿಸಿ ನೋಡಿದೆ, ಹೊಳೆಯಿತು. ಆ ಸದಾಶಿವಪ್ಪನವರು ನೀವು ರೇಷ್ಮೆಗೂಡು ಮಾರಲು ಹಾಕುವ ಕಡೆಯವರಿರಬೇಕು. ನನ್ನ ಮೇಲಿನ ಸಿಟ್ಟನ್ನು ನಿಮ್ಮ ಗೂಡಿನ ಮೇಲೆ ತೀರಿಸಿಕೊಂಡಾರೆಂದು ನಿಮಗೆ ಅಂಜಿಕೆ. ಅಂಥವರಿಗೆ ಗೂಡು ಹಾಕಬೇಡಿ. ನನ್ನ ಅಪ್ಪ ಯಾರಿಗೋ ಹೆದರಿಕೊಂಡು ನನಗೆ ಬುದ್ಧಿ ಹೇಳುವುದನ್ನು ನಾನು ಸಹಿಸುವುದಿಲ್ಲ.

"ಒಂದು ಸೂಜಿ ತಾನೆ" ಎಂದು ಬರೆದಿದ್ದೀರಿ. ಹಾಗಾದರೆ ಕೇಳಿ, ಅವ್ವನೂ ಕೇಳಲಿ, ಮೂರು ಹೆತ್ತವಳಿಗೆ ಇದರಲ್ಲಿ ನಾಚುವಂಥದ್ದೇನೂ ಇಲ್ಲ. ಹೆಣ್ಣುನಾಯಿಗೆ ವರ್ಷಕ್ಕೆ ಎರಡು ಸಲ ಬೆದೆ. ಆಗ ಅಂಡಾಶಯದಿಂದ ರಕ್ತಕ್ಕೆ ಒಂದು ರಸ ಇಳಿದು, ಗರ್ಭಕೋಶಕ್ಕೆ ಸಿದ್ಧವಾಗು ಎಂದು ಹೇಳಿಕಳಿಸುತ್ತದೆ. ಅದಕ್ಕೆ ನಾವು ಹಾರ್ಮೋನು ಅನ್ನುತ್ತೇವೆ. ಬೆದೆ ಇಳಿದ ಮೇಲೆ ಇನ್ನೊಂದು ಹಾರ್ಮೋನಿನ ಸರದಿ. ಹಸುವಿಗಾದರೆ ಗಬ್ಬ ನಿಲ್ಲದಿದ್ದಾಗ ಆ ಎರಡನೆಯದು ಬೇಗ ಬತ್ತಿ, ಮೂರು ವಾರಕ್ಕೆ ಮತ್ತೆ ಬೆದೆ ಬರುತ್ತದೆ. ನಾಯಿಯದು ಹಾಗಲ್ಲ. ಮರಿ ನಿಂತಿರಲಿ ಬಿಡಲಿ, ಎರಡು ತಿಂಗಳು ಅದರ ಗರ್ಭಕೋಶ ಬಸುರಿಯ ಹಾಗೇ ನಡೆದುಕೊಳ್ಳುತ್ತದೆ, ನೆಂಟರು ಬರುವುದು ಖಾತ್ರಿಯಿಲ್ಲದೆಯೂ ಅಡಿಗೆ ಮಾಡಿ ಕಾಯುವ ಮನೆಯ ಹಾಗೆ. ಕೆಲವಕ್ಕೆ ಮರಿಯೇ ಇಲ್ಲದೆ ಹಾಲೂ ಇಳಿಯುತ್ತದೆ.

ಇವರು ಕೇಳುವ ಸೂಜಿಯಲ್ಲಿರುವುದು ಈ ಎರಡನೆಯ ಹಾರ್ಮೋನೇ. ಬೆದೆಯ ನಡುವೆ ಗರ್ಭಕೋಶದ ಬಾಯಿ ತೆರೆದಿರುತ್ತದೆ, ಒಳಗೆ ಸೋಂಕು ಹೊಕ್ಕಿರುತ್ತದೆ. ಆಗ ಈ ಮದ್ದು ಕೊಟ್ಟರೆ ಬಾಯಿ ಮುಚ್ಚಿಕೊಂಡು ಒಳಗೇ ಕೊಳೆಯುತ್ತದೆ. ಇದನ್ನು ತಿಳಿದೂ ನಾನು ಚುಚ್ಚಬೇಕೇ? ಗೊತ್ತಿಲ್ಲ ಎಂದು ಸುಳ್ಳು ಹೇಳಬೇಕೇ? ಗೊತ್ತಿರುವುದಕ್ಕೇ ಸರ್ಕಾರ ಸಂಬಳ ಕೊಡುತ್ತಿದೆ.

ಚುಚ್ಚುವುದಿಲ್ಲ. ಅವರು ಇನ್ನೂ ದೊಡ್ಡ ಕಾರಿನಲ್ಲಿ ಬಂದರೂ ಚುಚ್ಚುವುದಿಲ್ಲ.

ರತ್ನ


ಮಾಂಬಳ್ಳಿ,
2-8-1969

ಚಿ. ರತ್ನಳಿಗೆ ಆಶೀರ್ವಾದ.

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಸದಾಶಿವಪ್ಪನವರು ಹನೂರಿಗೆ ಬಂದದ್ದು ನಾಯಿಗಾಗಿ ಅಲ್ಲ, ನಿನ್ನನ್ನು ನೋಡಲು. ಕಾರು ಒರೆಸುತ್ತಿದ್ದನಲ್ಲ, ಅವನೇ ಹುಡುಗ, ಮಹದೇವು. ಬಿ.ಎಸ್ಸಿ. ಮಾಡಿದ್ದಾನೆ, ಮಾತು ಕಡಿಮೆ, ದುಶ್ಚಟವಿಲ್ಲ. ಹೆಣ್ಣು ನೋಡಲು ಬರುತ್ತಾರೆ ಎಂದರೆ ನೀನು ರಂಪ ಮಾಡುತ್ತೀಯೆಂದು, ಹೇಗೂ ನಾಯಿಗೆ ಹುಷಾರಿಲ್ಲ, ಅದನ್ನೇ ನೆಪ ಮಾಡಿಕೊಂಡು ಹೋಗಿ ಬನ್ನಿ ಎಂದು ನಾನೇ ಹೇಳಿದ್ದೆ. ನಾಯಿಗೆ ಇರುವ ಹುಷಾರಿಲ್ಲದ್ದು ಇಂಥದ್ದು ಎಂದು ನನಗೇನು ಕನಸು ಬಿದ್ದಿತ್ತೇ?

ನೀನು ಅಷ್ಟೆಲ್ಲ ಆಡಿದ ಮೇಲೆ ಸಂಬಂಧ ಮುರಿಯಿತೆಂದೇ ತಿಳಿದಿದ್ದೆ. ಆದರೆ ಶಂಕರಮ್ಮನವರಿಗೆ ನೀನು ಹಿಡಿಸಿಬಿಟ್ಟಿದ್ದೀಯ. "ಎಣ್ಣು ದಿಟ್ವಾಗಿ ಅದೆ, ಕಣ್ಣಲ್ಲಿ ಕಣ್ಣಿಟ್ಟು ಮಾತಾಡ್ತದೆ" ಎಂದರಂತೆ. ಮದುವೆಯಾದ ಮೇಲೆ ಕೆಲಸ ಬಿಡಬೇಕು, ಅದೊಂದೇ ಅವರ ಷರತ್ತು. ಅದು ನ್ಯಾಯವೇ. ರೇಷ್ಮೆ ಅಂಗಡಿಯ ಸೊಸೆ ಎಮ್ಮೆಯ ಹಿಂದೆ ನಿಲ್ಲಲಾಗುತ್ತದೆಯೇ? ದಸರೆ ಕಳೆದ ಮೇಲೆ ವೀಳ್ಯಶಾಸ್ತ್ರ ಇಟ್ಟುಕೊಳ್ಳೋಣ ಎಂದಿದ್ದಾರೆ.

ನಾಯಿಗೆ ನೀನು ಕೊಡದ ಸೂಜಿಯನ್ನು ಅಂದೇ ಸಂಜೆ ಬೇರೆ ಯಾರೋ ಕೊಟ್ಟರಂತೆ. ನಾಯಿ ಕುಣಿದುಕೊಂಡಿದೆ. ನೀನು ಸುಮ್ಮನೆ ನಿಷ್ಠುರ ಕಟ್ಟಿಕೊಂಡೆ.

ರುದ್ರಸ್ವಾಮಿ


ಹನೂರು,
6-8-1969

ಅಪ್ಪಾಜಿಯವರಿಗೆ ಶರಣು.

ನನಗೆ ಬಂದಿರುವ ಸಿಟ್ಟನ್ನು ಬರೆದರೆ ಅಂಚೆಯವರು ಹೆಚ್ಚಿನ ಸ್ಟಾಂಪು ಕೇಳುತ್ತಾರೆ. ನನ್ನ ಆಸ್ಪತ್ರೆಗೆ, ನನ್ನ ಮೇಜಿಗೆ, ಒಂದು ನಾಯಿಯ ಹೆಸರಿನಲ್ಲಿ ನನ್ನನ್ನು ನೋಡಲು ಕಳಿಸಿದಿರಲ್ಲ! ನನ್ನ ಹೆಸರು ಕೊಳ್ಳೇಗಾಲದವರೆಗೆ ಹೋಗಿದೆ ಎಂದು ಹೆಮ್ಮೆಪಟ್ಟೆನಲ್ಲ, ಅದಕ್ಕೆ ಅಳು ಬಂತು. ಕೆಲಸ ಬಿಡುವುದಿಲ್ಲ. ಬಿಡಿಸುವವರ ಮನೆಗೆ ಬರುವುದಿಲ್ಲ. ಇದನ್ನು ಅವರಿಗೆ ಈಗ ಹೇಳುತ್ತೀರೋ, ವೀಳ್ಯದ ತಟ್ಟೆಯ ಮುಂದೆ ನಾನೇ ಹೇಳಲೋ, ನೀವೇ ನಿರ್ಧರಿಸಿ.

ಆದರೆ ಅದೆಲ್ಲ ಆಮೇಲೆ. ಸೂಜಿ ಕೊಟ್ಟಿದ್ದಾರೆ ಎಂದಿರಲ್ಲ, ಈಗ ನಾಯಿ ಕುಣಿದರೆ ಏನೂ ಅರ್ಥವಿಲ್ಲ. ಇದು ಕೆಲವು ವಾರ ಕಳೆದ ಮೇಲೆ ಕಾಣುವ ಕಾಯಿಲೆ. ಅನ್ನ ಬಿಟ್ಟು ನೀರನ್ನೇ ಕುಡಿಯತೊಡಗಿದರೆ, ಹೊಟ್ಟೆ ಉಬ್ಬಿದರೆ, ಮಂಕಾಗಿ ಮಲಗಿದರೆ, ಒಳಗೆ ಕೀವು ತುಂಬಿದೆ ಎಂದು ಅರ್ಥ. ಹಿಂದಿನಿಂದ ಕೀವು ಸೋರಬಹುದು, ಸೋರದೆಯೂ ಇರಬಹುದು. ಸೋರದಿದ್ದರೆ ಹೆಚ್ಚು ಅಪಾಯ. ಆಗ ಗರ್ಭಕೋಶ ತೆಗೆಯದೆ ಬೇರೆ ದಾರಿಯಿಲ್ಲ. ಈ ಮಾತನ್ನು ನೀವೇ ಹೋಗಿ ಅವರಿಗೆ ಹೇಳಿ. ನಾನು ಬರೆದರೆ ಹುಡುಗಿ ಗಂಡಿನ ಮನೆಗೆ ಕಾಗದ ಬರೆದಳು ಎಂದು ಅದನ್ನೇ ದೊಡ್ಡದು ಮಾಡುತ್ತಾರೆ. ನನ್ನ ಮೇಲೆ ಕೋಪವಿದ್ದರೆ ಇರಲಿ. ಆ ನಾಯಿ ನನ್ನ ಮೇಜಿನ ಮೇಲೆ ನಿಂತು ನನ್ನ ಕೈ ನೆಕ್ಕಿದೆ.

ರತ್ನ


ಮಾಂಬಳ್ಳಿ,
22-8-1969

ಚಿ. ರತ್ನಳಿಗೆ ಆಶೀರ್ವಾದ.

ಕೊಳ್ಳೇಗಾಲಕ್ಕೆ ಹೋಗಿ ಬಂದೆ. ಒಳ್ಳೆಯ ಮರ್ಯಾದೆ ಮಾಡಿದರು. ಹೇಳಬೇಕಾದ್ದನ್ನು ಹೇಳಿದ್ದೇನೆ. ನಾಯಿ ಆರೋಗ್ಯವಾಗಿದೆ. ನಿನ್ನ ಕೆಲಸದ ವಿಷಯ ನಿಧಾನವಾಗಿ ಮಾತಾಡೋಣ, ದುಡುಕಬೇಡ. ನಿಮ್ಮ ಅವ್ವನಿಗೆ ಮಂಡಿ ನೋವು ಹಾಗೇ ಇದೆ.

ರುದ್ರಸ್ವಾಮಿ


ಹನೂರು,
27-8-1969

ಅಪ್ಪಾಜಿಯವರಿಗೆ ಶರಣು.

ನಿಮ್ಮ ಪುಟ್ಟ ಕಾಗದ ಓದಿ ಮನಸ್ಸು ಹಗುರಾಯಿತು. ನೀವು ಆ ಮಾತನ್ನು ಅವರೆದುರು ಆಡಿದಿರಿ ಎಂದರೆ ನಂಬುವುದೇ ಕಷ್ಟವಾಗಿತ್ತು, ಆದರೂ ಆಡಿದಿರಿ. ಪುಟ್ಟಸಿದ್ದಯ್ಯನವರಿಗೆ ಹೇಳಿದೆ, "ನಮ್ಮಪ್ಪಾಜಿ ಬದಲಾಗಿದ್ದಾರೆ" ಎಂದು. ಅವ್ವನ ಮಂಡಿಗೆ ಉಪ್ಪಿನ ಶಾಖ ಕೊಡಿ. ನಿಮ್ಮ ಮೇಲಿನ ಸಿಟ್ಟು ಮುಕ್ಕಾಲು ಪಾಲು ಇಳಿದಿದೆ.

ರತ್ನ


ಮಾಂಬಳ್ಳಿ,
14-9-1969

ಚಿ. ರತ್ನಳಿಗೆ ಆಶೀರ್ವಾದ.

ಸಂತೋಷದ ಸುದ್ದಿ ಬರೆಯುತ್ತಿದ್ದೇನೆ. ನಿನ್ನ ಓದಿಗೂ ಮೀರಿದ್ದು ಒಂದು ಉಂಟು ಎಂದು ತಿಳಿದುಕೋ. ರೋಸಿ ಗಬ್ಬವಾಗಿದೆ! ಒಂದು ದಿನ ಹಿತ್ತಿಲಿನಿಂದ ತಪ್ಪಿಸಿಕೊಂಡು ಹೋಗಿತ್ತಂತೆ, ಆಗ ಆಗಿರಬೇಕು. ಹೊಟ್ಟೆ ಗುಡಾಣದಂತೆ ಆಗಿದೆ. ಬಯಕೆ ಬೇರೆ! ಅನ್ನದ ಕಡೆ ಮೂತಿ ತಿರುಗಿಸುವುದಿಲ್ಲ, ಬಕೆಟ್ಟುಗಟ್ಟಲೆ ನೀರು ಬೇಕು. ಶಂಕರಮ್ಮನವರು ತುಪ್ಪದನ್ನ ಕಲಸಿ ಕೈತುತ್ತು ಹಾಕಿದರೂ ಒಲ್ಲೆ ಎನ್ನುತ್ತದೆಯಂತೆ. ಸದಾಶಿವಪ್ಪನವರು ಮರಿಗಳನ್ನು ಈಗಲೇ ಹಂಚಿಬಿಟ್ಟಿದ್ದಾರೆ, ಅಗರದ ಗೌಡರಿಗೆ ಒಂದು, ನಮಗೂ ಒಂದು. "ಡಾಕ್ಟ್ರಮ್ಮ ಕೀವಾಯ್ತದೆ ಅಂದಿದ್ರು, ಮರಿ ಆದ್ವು" ಎಂದು ಅಂಗಡಿಯಲ್ಲಿ ಎಲ್ಲರೆದುರು ನಕ್ಕರು. ನಾನೂ ನಕ್ಕೆ. ನೀನೂ ನಕ್ಕುಬಿಡು, ಹಟ ಬಿಡು.

ರುದ್ರಸ್ವಾಮಿ


ಹನೂರು,
17-9-1969

ಅಪ್ಪಾಜಿ,

ನಾನು ನಗುತ್ತಿಲ್ಲ. ಅನ್ನ ಬಿಟ್ಟು ನೀರು ಕುಡಿದರೆ, ಹೊಟ್ಟೆ ಉಬ್ಬಿದರೆ ಎಂದು ಬರೆದಿದ್ದೆನಲ್ಲ! ನೀವು ಹೇಳಿದ್ದರೂ ಅವರು ಅದನ್ನು ಬಯಕೆ ಎಂದುಕೊಂಡರೆ? ನನಗೆ ಅರ್ಥವಾಗುತ್ತಿಲ್ಲ. ಮಧ್ಯಾಹ್ನದ ಬಸ್ಸಿಗೆ ಹೊರಟಿದ್ದೇನೆ. ಪುಟ್ಟಸಿದ್ದಯ್ಯ ಜೊತೆಗಿದ್ದಾರೆ.

ರತ್ನ


ಹನೂರು,
20-9-1969

ಅಪ್ಪಾಜಿಯವರಿಗೆ ಶರಣು.

ರೋಸಿ ಬದುಕಿದೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ನಾನು ಹೋದಾಗ ಸದಾಶಿವಪ್ಪನವರು ಬೆಂಗಳೂರಿಗೆ ಸೀರೆ ಒಯ್ದಿದ್ದರು. ಶಂಕರಮ್ಮ ಬಾಗಿಲಲ್ಲೇ ಕೈ ಅಡ್ಡ ಇಟ್ಟರು. "ವೀಳ್ಯ ಆಗೋಕ್ ಮುಂಚೆ ಎಣ್ಣು ಗಂಡಿನ ಮನೆ ವಸ್ತಿಲು ತುಳಿಬಾರ್ದು ಕಣವ್ವ" ಎಂದರು. "ಹಂಗಾದ್ರೆ ಹಿತ್ತಲ ಬಾಗಿಲಲ್ಲಿ ಬರ್ತೀನಿ. ನಾಯಿ ಎಲ್ಲಿದೆ ಅಜ್ಜಿ?" ಎಂದು ಸುತ್ತಿಕೊಂಡು ಹೋದೆ. ರೋಸಿ ತೊಟ್ಟಿಯ ಪಕ್ಕ ಬಿದ್ದಿತ್ತು. ತಲೆ ಎತ್ತಲೂ ಆಗುತ್ತಿರಲಿಲ್ಲ. ಹೊಟ್ಟೆ ಮುಟ್ಟಿದೆ, ಮರಿಯ ಗಂಟು ಎಲ್ಲೂ ಕೈಗೆ ಸಿಗಲಿಲ್ಲ.

"ಇದು ಬಸುರಲ್ಲ ಅಜ್ಜಿ, ಕೀವು. ಈಗ ಕೊಯ್ದರೆ ಉಳಿಯಬಹುದು, ಬಿಟ್ಟರೆ ಖಂಡಿತ ಸಾಯುತ್ತೆ" ಎಂದೆ. ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. "ಕುಯ್ಯಿ ಮತ್ತೆ" ಎಂದರು. ಹಳೆಯ ಬಾಗಿಲೊಂದನ್ನು ಎರಡು ಪೆಟ್ಟಿಗೆಗಳ ಮೇಲೆ ಹಾಸಿದೆವು, ಅದೇ ಮೇಜಾಯಿತು, ಮತ್ತಿನ ಮದ್ದು ಕೊಟ್ಟು ಮಲಗಿಸಿದೆ. ಮಹದೇವು ಕಾಲು ಹಿಡಿದುಕೊಂಡಿದ್ದವನು, ಹೊಟ್ಟೆ ತೆರೆದೊಡನೆ ಬಾಳೆಗಿಡದ ಬುಡಕ್ಕೆ ಹೋಗಿ ವಾಂತಿ ಮಾಡಿದ. ಮತ್ತೆ ಬರಲಿಲ್ಲ. ಕಾಲನ್ನು ಅಜ್ಜಿಯೇ ಹಿಡಿದರು. ನಾಯಿಯ ಗರ್ಭಕೋಶಕ್ಕೆ ಎರಡು ಕೊಂಬು. ಒಂದೊಂದೂ ಪಡವಲಕಾಯಿಯ ಹಾಗೆ ಊದಿತ್ತು. ಒಡೆಯದಂತೆ ತೆಗೆಯುವಷ್ಟರಲ್ಲಿ ನನ್ನ ಬೆನ್ನಿನಲ್ಲಿ ಬೆವರು ಹರಿಯುತ್ತಿತ್ತು. ಹೊಲಿಗೆ ಮುಗಿಸಿದ ಮೇಲೆ ಬೋಗುಣಿಯಲ್ಲಿಟ್ಟು ಸೀಳಿ ಅಜ್ಜಿಗೆ ತೋರಿಸಿದೆ. ಒಂದು ಮರಿಯೂ ಇರಲಿಲ್ಲ, ಬರೀ ಕೀವು.

ಕೈ ತೊಳೆಯುವಾಗ ಕೇಳಿದೆ, "ನಮ್ಮಪ್ಪಾಜಿ ಬಂದು ಹೇಳಿದ್ರಲ್ಲ ಅಜ್ಜಿ, ನೀರು ಜಾಸ್ತಿ ಕುಡಿದ್ರೆ ಕರೆಸಿ ಅಂತ?" ಅಜ್ಜಿ ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ನಿಮ್ಮಪ್ಪ ಬಂದಿದ್ರು ಕಣವ್ವ. ಮಳೆ ಬೆಳೆ ಮಾತಾಡುದ್ರು, ಒಬ್ಬಟ್ಟು ತಿಂದ್ರು, ಓದ್ರು."

ಈಗ ನೀವು ಬರೆಯಿರಿ. ಹೇಳಿದಿರೋ, ಇಲ್ಲವೋ?

ರತ್ನ


ಮಾಂಬಳ್ಳಿ,
3-10-1969

ರತ್ನಳಿಗೆ.

ಇಲ್ಲ, ಹೇಳಲಿಲ್ಲ. ಯಾವ ಅಪ್ಪ ಹೇಳುತ್ತಾನೆ? ನಿನ್ನ ಕಾಗದ ಜುಬ್ಬದ ಜೇಬಿನಲ್ಲೇ ಇತ್ತು. ಎದುರಿಗೆ ಎಲೆ ಹಾಕಿದ್ದರು, ಬೀಗಿತ್ತಿಯಾಗುವವರು ತುಪ್ಪ ಬಡಿಸುತ್ತಿದ್ದರು. ಅಲ್ಲಿ ಕೂತು, ನಿಮ್ಮ ನಾಯಿಯ ಹಿಂದಿನಿಂದ ಅದು ಸೋರುತ್ತದೆಯೇ ಎಂದು ಕೇಳಲೇ? ಬಾಯಿ ತೆರೆದೆ. ಈ ವರ್ಷ ಮಳೆ ಹೇಗೆ ಎಂಬ ಮಾತು ಬಂತು. ನೀನು ಡಾಕ್ಟರು, ನಿನಗೆ ನಾಚಿಕೆ ಬಿಡಿಸಿ ಕಳಿಸಿದ್ದಾರೆ. ನನಗೆ ಯಾರು ಬಿಡಿಸಿದ್ದಾರೆ?

ಅದಕ್ಕೆ ನೀನು ಮಾಡಿದ್ದೇನು? ಯಜಮಾನ ಮನೆಯಲ್ಲಿಲ್ಲದಾಗ ನುಗ್ಗಿ ಅವನ ನಾಯಿಯ ಹೊಟ್ಟೆ ಬಗೆದೆ. ಸದಾಶಿವಪ್ಪನವರು ವಾಪಸು ಬಂದು ಕೆಂಡವಾಗಿದ್ದಾರೆ. ಮರಿ ಕೊಡುತ್ತೇನೆ ಎಂದಿದ್ದವರಿಗೆಲ್ಲ ಅವರು ಏನು ಹೇಳಬೇಕು? ಹನೂರಿನ ಡಾಕ್ಟರಮ್ಮ ತನ್ನ ಮಾತು ನಿಜ ಮಾಡಿಕೊಳ್ಳಲು ತುಂಬಿದ ಬಸುರನ್ನು ಕಿತ್ತು ಎಸೆದಳು ಎಂದು ಸಂತೆಯಲ್ಲೆಲ್ಲ ಹೇಳಿಸಿದ್ದಾರೆ. ನಿನ್ನ ಮೇಲಧಿಕಾರಿಗೂ ಅರ್ಜಿ ಹೋಗಿದೆಯಂತೆ. ನಿಮ್ಮ ಅವ್ವ ಉಣ್ಣುತ್ತಿಲ್ಲ. ನನ್ನೊಡನೆ ಮಾತೂ ಇಲ್ಲ. "ಕಾಗ್ದ ಓದುವಾಗ ನೀವೇನೋ ನುಂಗ್ತಿದ್ರಿ ಅಂತ ನಂಗೊತ್ತಿತ್ತು" ಎಂದು ಒಂದೇ ಮಾತು ಆಡಿ ಒಳಗೆ ಹೋದಳು.

ರುದ್ರಸ್ವಾಮಿ


ಹನೂರು,
26-10-1969

ಅಪ್ಪಾಜಿಯವರಿಗೆ ಶರಣು.

ಇಷ್ಟು ದಿನ ಬರೆಯಲಿಲ್ಲ. ನಿಮ್ಮ ಮೇಲೆ ಕೋಪವಿತ್ತು. ಈಗ ಅದೂ ಇಲ್ಲ.

ಆಸ್ಪತ್ರೆಗೆ ಯಾರೂ ಬರುತ್ತಿಲ್ಲ. ಮೊದಲು ಸಂತೆಯ ದಿನ ಬೇಲಿಯವರೆಗೆ ದನ ನಿಲ್ಲುತ್ತಿದ್ದವು. ಈಗ ಪುಟ್ಟಸಿದ್ದಯ್ಯ ಬಾಗಿಲು ತೆಗೆಯುತ್ತಾರೆ, ಸಂಜೆ ಮುಚ್ಚುತ್ತಾರೆ. ಅಧಿಕಾರಿಗಳು ವಿವರಣೆ ಕೇಳಿದರು, ಬರೆದುಕೊಟ್ಟೆ. ಅದಕ್ಕೆ ನಾನು ಹೆದರಲಿಲ್ಲ. ಅರ್ಜಿಗೆ ಉತ್ತರ ಬರೆಯಬಹುದು, ಸಂತೆಯ ಮಾತಿಗೆ ಯಾವ ವಿಳಾಸಕ್ಕೆ ಬರೆಯಲಿ?

ಮೊನ್ನೆ ಚಿಕ್ಕಮಾದಯ್ಯ ಎನ್ನುವವರು ಕರು ಸಿಕ್ಕಿಕೊಂಡ ಹಸುವನ್ನು ಗಾಡಿಯಲ್ಲಿ ತಂದರು. ನಾನು ಓಡಿಹೋದೆ. ಅವರು ಗಾಡಿಗೆ ಅಡ್ಡ ನಿಂತು, "ಬ್ಯಾಡ ಕಣವ್ವ, ಸಿಟ್ಟಾಗ್ಬ್ಯಾಡ. ನಮ್ ಸೊಸೆ ಬಸ್ರಿ. ನಿಮ್ ಕೈ ಬ್ಯಾಡ. ಪುಟ್ಟಸಿದ್ದಯ್ಯ ಮಾಡ್ಲಿ" ಎಂದರು. ನಾನು ದೂರ ನಿಂತು ಹೇಳಿಕೊಟ್ಟೆ. ಪುಟ್ಟಸಿದ್ದಯ್ಯನವರಿಂದ ಆಗಲಿಲ್ಲ. ನನ್ನ ಕಣ್ಣೆದುರು, ನನ್ನ ಆಸ್ಪತ್ರೆಯ ಅಂಗಳದಲ್ಲಿ, ನನ್ನ ಕೈಗಳು ಸುಮ್ಮನೆ ಜೋತುಬಿದ್ದಿರುವಾಗ ಹಸುವೂ ಹೋಯಿತು, ಕರುವೂ ಹೋಯಿತು. ಮುಟ್ಟಿದ್ದರೆ ಎರಡೂ ಉಳಿಯುತ್ತಿದ್ದವು ಅಪ್ಪಾಜಿ. ನನಗೆ ಗೊತ್ತು. ಚಿಕ್ಕಮಾದಯ್ಯ ಗಾಡಿಯ ಚಕ್ರ ಹಿಡಿದು ಕೂತು ಅತ್ತರು. ನಾನು ಒಳಗೆ ಹೋಗಿ ಅತ್ತೆ.

ಕೆಲಸ ಬಿಟ್ಟು, ತಪ್ಪಾಯಿತು ಎಂದರೆ ಅರ್ಜಿ ಹಿಂದೆ ತೆಗೆದುಕೊಂಡು ಮದುವೆ ಮುಂದುವರಿಸುತ್ತೇವೆ ಎಂದು ಸದಾಶಿವಪ್ಪನವರು ನನಗೇ ಹೇಳಿ ಕಳಿಸಿದ್ದಾರೆ. ನಿಮಗೂ ಬಂದಿರಬೇಕು. ನನಗೆ ಸಾಕಾಗಿದೆ. ರಾಜೀನಾಮೆ ಬರೆದು ಮೇಜಿನ ಮೇಲಿಟ್ಟಿದ್ದೇನೆ. ನೀವು ಹೋಗಿ ವೀಳ್ಯದ ದಿನ ಗೊತ್ತು ಮಾಡಿಕೊಂಡು ಬನ್ನಿ. ಮುಟ್ಟಗೊಡದ ಕೈಯನ್ನು ಇಟ್ಟುಕೊಂಡು ನಾನು ಇಲ್ಲಿ ಏನು ಮಾಡಲಿ?

ರತ್ನ


ಮಾಂಬಳ್ಳಿ,
4-11-1969

ಚಿ. ರತ್ನಳಿಗೆ ನಿನ್ನ ಅಪ್ಪನ ಆಶೀರ್ವಾದ.

ನೀನು ಬರೆದ ಹಾಗೆ ಕೊಳ್ಳೇಗಾಲಕ್ಕೆ ಹೋದೆ. ಹೋಗುವಾಗ ಸಂತೋಷವಾಗಿಯೇ ಹೋದೆ, ಸುಳ್ಳು ಯಾಕೆ ಹೇಳಲಿ. ನಿಮ್ಮ ಅವ್ವನನ್ನೂ ಕರೆದುಕೊಂಡು ಹೋಗಿದ್ದೆ. ಅಂಗಡಿಯ ಜಮಖಾನದ ಮೇಲೆ ಅವರ ಕಡೆಯ ಹಿರಿಯರು ಕೂತಿದ್ದರು. ಮುಳ್ಳೂರಿನಿಂದ ಇಬ್ಬರು, ಅಗರದ ಗೌಡರು. ಹೆಂಗಸರು ಒಳಬಾಗಿಲ ಹಿಂದೆ. ಸದಾಶಿವಪ್ಪ ನಗುನಗುತ್ತಾ ಎಲೆ ಅಡಿಕೆ ಮುಂದಿಟ್ಟು, "ಉಡ್ಗಿ ಬುದ್ದಿ ಕಲ್ತವ್ಳೆ ಬುಡಿ. ಚಿಕ್ಕೋಳು, ಗೊತ್ತಾಗ್ದೆ ಬಸ್ರು ಕುಯ್ದವ್ಳೆ. ಕೆಲ್ಸ ಬುಟ್ರೆ ಆ ಮಾತು ಅಲ್ಲಿಗೇ ಮುಗೀತು" ಎಂದ.

ನಾನು ಎಲೆಗೆ ಕೈ ಹಾಕಿದ್ದೆ. ಆಗ ಆ ನಾಯಿ ಹಿತ್ತಿಲಿನಿಂದ ಬಂತು. ಮೈ ತುಂಬಿಕೊಂಡು ಮಿರಮಿರ ಮಿಂಚುತ್ತಿತ್ತು. ಹೊಟ್ಟೆಯಲ್ಲಿ ನಿನ್ನ ಹೊಲಿಗೆಯ ಗುರುತು, ಅದರ ಸುತ್ತ ಹೊಸ ಕೂದಲು. ಎಲ್ಲರನ್ನೂ ಬಿಟ್ಟು ನನ್ನ ಪಕ್ಕ ಕೂತಿತು. ಈ ಪ್ರಾಣಿ ಬದುಕಿದೆಯಲ್ಲ, ಇದನ್ನು ಬದುಕಿಸಿದವಳು ತಪ್ಪಾಯಿತು ಎನ್ನಬೇಕೇ ಎಂದು ಮೈ ಉರಿಯಿತು ರತ್ನ. ಎದ್ದು ನಿಂತೆ.

ಏನು ಹೇಳಿದೆ ಎಂದು ಹಾಗೇ ಬರೆಯುತ್ತೇನೆ. "ಕೇಳ್ರಪ್ಪ ಎಲ್ರೂವೆ. ಈ ನಾಯಿ ಬೆದೆಗೆ ಬಂದಿತ್ತು. ಬೆದೇಲಿ ರಕ್ತ ಸೋರ್ತಿರುವಾಗ ಆ ಸೂಜಿ ಆಕ್ಬಾರ್ದು ಅಂತ ನನ್ ಮಗಳು ಏಳುದ್ಳು. ಇವ್ರು ಆಕ್ಸುದ್ರು. ಗರ್ಬಕೋಸದ ಬಾಯಿ ಮುಚ್ಕಂಡು ಒಳ್ಗೇ ಕೀವಾಯ್ತು. ಮರಿ ಅಲ್ಲ, ಕೀವು. ನೀರ್ ಕುಡಿದ್ರೆ ಕೀವು ಅಂತ ಅವ್ಳು ನಂಗೆ ಮುಂಚೇನೆ ಬರ್ದಿದ್ಳು. ನಾನು ನಾಚ್ಕಂಡು ನಿಮ್ಮನೇಲಿ ಒಬ್ಬಟ್ಟು ತಿಂದ್ಕಂಡು ಓದೆ. ಬಸ್ರು ಕಿತ್ತೋಳಲ್ಲ ನನ್ ಮಗಳು. ನೀವು ಸಾಯ್ಸೋಕೋದ ಜೀವ ಎಳ್ಕಂಡ್ ಬಂದೋಳು."

ಅಗರದ ಗೌಡರು ಕಿವಿ ಮುಚ್ಚಿಕೊಂಡರು. "ಏನ್ ಮಾತು ಅಂತ ಆಡ್ತೀರಿ ಸ್ವಾಮಿ, ಎಂಗುಸ್ರು ಅವ್ರೆ" ಎಂದರು. ಸದಾಶಿವಪ್ಪ ಕೂಗಾಡಿದ. "ನೀವು ನೋಡುದ್ರಾ? ಕೀವು ಅಂತ ಯಾರು ಕಂಡೋರು?" ಎಂದ. ಆಗ ಒಳಬಾಗಿಲ ಹಿಂದಿನಿಂದ ಶಂಕರಮ್ಮನವರ ದನಿ ಬಂತು. "ನಾನು ಕಂಡಿವ್ನಿ ಕನ್ಲಾ. ಕಾಲ್ ಇಡ್ದೋಳು ನಾನು, ಬೋಗುಣಿ ತೊಳ್ದೋಳು ನಾನು. ನೀನು ಒಂದ್ಸಲನಾದ್ರೂ ನನ್ನ ಕೇಳುದ್ಯಾ?" ಮಹದೇವು ಅಲ್ಲೇ ಇದ್ದ. ಅವನೂ ಕಂಡವನೇ. ಒಂದು ಮಾತು ಆಡದೆ ಸೀರೆಯ ಮಡಿಕೆ ಸರಿಮಾಡುತ್ತಾ ಕೂತಿದ್ದ. ಅಂಥವನಿಗೆ ನಿನ್ನನ್ನು ಕಟ್ಟಲು ಹೊರಟಿದ್ದೆನಲ್ಲ ಎಂದು ನನಗೆ ನನ್ನ ಮೇಲೇ ಅಸಹ್ಯವಾಯಿತು.

ಎಲೆ ಅಡಿಕೆಯನ್ನು ತಟ್ಟೆಗೇ ವಾಪಸು ಹಾಕಿ ಹೊರಟೆ. ನಿಮ್ಮ ಅವ್ವ ಬಸ್ಸಿನಲ್ಲಿ ನನ್ನ ಪಕ್ಕ ಕೂತು, ಮಾಂಬಳ್ಳಿ ಬರುವವರೆಗೂ ನನ್ನ ತೋಳು ಬಿಡಲಿಲ್ಲ.

ನಿನಗೆ ಇನ್ನು ಗಂಡು ಸಿಗುವುದು ಕಷ್ಟ ಎಂದು ಊರೆಲ್ಲ ಹೇಳುತ್ತಿದೆ. ನಿಜವೇ ಇರಬಹುದು. ನಿನ್ನ ಅಧಿಕಾರಿಗಳಿಗೆ ನಾನೊಂದು ಕಾಗದ ಬರೆದು, ಶಂಕರಮ್ಮನವರ ಹೆಬ್ಬೆಟ್ಟನ್ನೂ ಒತ್ತಿಸಿ ಕಳಿಸಿದ್ದೇನೆ. ಏನಾಗುತ್ತದೋ ಗೊತ್ತಿಲ್ಲ. ಬರುವ ಸೋಮವಾರ ನಮ್ಮ ಕೆಂದ ಹಸುವನ್ನು ಗಾಡಿಗೆ ಏರಿಸಿಕೊಂಡು ಹನೂರಿಗೆ ಬರುತ್ತಿದ್ದೇನೆ. ಅದಕ್ಕೆ ದಿನ ತುಂಬಿದೆ. ಸಂತೆಯ ದಿನ, ಎಲ್ಲರೂ ನೋಡುವಾಗ, ನಿನ್ನ ಅಂಗಳದಲ್ಲೇ ಅದು ಕರು ಹಾಕಬೇಕು, ನಿನ್ನ ಕೈಯೇ ಹಿಡಿಯಬೇಕು. ಯಾರಾದರೂ ಅಡ್ಡ ಬಂದರೆ ನಾನಿದ್ದೇನೆ. ದಾರಿಯಲ್ಲಿ ಚಿಕ್ಕಮಾದಯ್ಯನವರ ಮನೆ ವಿಚಾರಿಸಿ ಅವರನ್ನೂ ಕರೆದುಕೊಂಡು ಬರುತ್ತೇನೆ.

ಮೇಜಿನ ಮೇಲಿರುವ ಆ ಹಾಳೆಯನ್ನು ಹರಿದು ಒಲೆಗೆ ಹಾಕು. ಹಬ್ಬಕ್ಕೆ ರಜ ಹಾಕಿ ಬಾ, ಎಷ್ಟು ದಿನ ಬೇಕಾದರೂ ಇರು. ಆದರೆ ಕೆಲಸ ಬಿಟ್ಟು ಬಂದೆಯೋ, ನಾನು ಬಾಗಿಲು ತೆಗೆಯುವುದಿಲ್ಲ.

ನಿನ್ನ ಅಪ್ಪ,
ರುದ್ರಸ್ವಾಮಿ